ಹಬ್ಬಕ್ಕೆ ಮುಂಚಿನ ಸೇಬು

ಧೊಪ್ಪೆಂದು ಮತ್ತೊಂದು ಬಿತ್ತು, ಉಗ್ರಾಣದ ತಗಡಿನ ಮೇಲೆ ಬಿದ್ದು, ಉರುಳಿ, ಹುಲ್ಲಿಗೆ — ಬೆಳಗಿನಿಂದ ಇದು ಏಳನೆಯದೋ ಎಂಟನೆಯದೋ, ಎಣಿಸಬಾರದು ಎಂದುಕೊಂಡೇ ಔದ್ರೊನೆ ಎಣಿಸುತ್ತಿದ್ದಾಳೆ, ಬಿಳಿ ಸೇಬಿನ ಹಣೆಬರಹವೇ ಅಷ್ಟು, ಬೇಸಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಹಣ್ಣಾಗುತ್ತದೆ, ಹಣ್ಣಾದ ದಿನವೇ ಬೀಳುತ್ತದೆ, ಬಿದ್ದ ದಿನವೇ ತಿನ್ನಬೇಕು, ಮಾರನೆಯ ದಿನಕ್ಕೆ ಇಟ್ಟರೆ ಕಣಜಗಳ ಪಾಲು, ಎಂಥ ಅವಸರದ ಹಣ್ಣು, ನಾಳೆವರೆಗೆ ತಾಳಿದ್ದರೆ ಗಂಟೇನು ಹೋಗುತ್ತಿತ್ತು, ನಾಳೆ ಝೋಲಿನೆ, ಮರಿಯ ಮಾತೆ ಸ್ವರ್ಗಕ್ಕೇರಿದ ದಿನ, ಸೊಪ್ಪುಸದೆಯ ಕಟ್ಟು ಹಿಡಿದು ಹೆಂಗಸರೆಲ್ಲ ಚರ್ಚಿಗೆ ಹೋಗುವ ದಿನ, ನಾಳೆಯಿಂದ ಅವಳೂ ತಿನ್ನಬಹುದು. ಬೀಟ್‌ರೂಟಿನ ಸಿಪ್ಪೆಯನ್ನು ಬಿಸಿ ಇರುವಾಗಲೇ ತಣ್ಣೀರಲ್ಲಿ ಅದ್ದಿ ಸುಲಿಯಬೇಕು, ಆರಿದ ಮೇಲೆ ಹಟ ಮಾಡುತ್ತದೆ, ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಇದೇ ಸುಲಿದದ್ದು, ಬೆರಳುಗಳು ಈ ಕೆಂಪನ್ನು ಬಿಟ್ಟು ಇದ್ದದ್ದೇ ಇಲ್ಲ, ಮದುವೆಯ ಉಂಗುರದ ಕೆಳಗೂ ಕೆಂಪು. ಹುಳಿ ಮಜ್ಜಿಗೆ, ತುರಿದ ಬೀಟ್‌ರೂಟ್, ಸೌತೆಕಾಯಿ, ಈರುಳ್ಳಿ ಸೊಪ್ಪು, ಕೈತುಂಬ ಸಬ್ಬಸಿಗೆ, ಬೇಯಿಸಿದ ಮೊಟ್ಟೆ — ಈ ಗುಲಾಬಿ ಸೂಪನ್ನು ತಣ್ಣಗೆ ಕುಡಿಯಬೇಕು, ಪಕ್ಕದಲ್ಲಿ ಹೊಗೆಯಾಡುವ ಆಲೂಗಡ್ಡೆ ಇರಬೇಕು, ಈ ಸೆಕೆಗೆ ಬೇರೆ ಏನು ಇಳಿಯುತ್ತದೆ ಗಂಟಲಲ್ಲಿ, ಮಂತಾಸ್ ಒಂದು ಗಂಟೆಗೆ ಬರುತ್ತೇನೆ ಎಂದಿದ್ದಾನೆ, ಅಳಿಯ, ಇನ್ನೂ ಅಳಿಯ ಅನ್ನಬಹುದೇ, ಮಗಳು ಉಗ್ನೆ ಹೋಗಿ ಎರಡನೆಯ ಬೇಸಿಗೆ, ಅನ್ನದೆ ಇನ್ನೇನು ಅನ್ನುವುದು. ಕಾಗದ ಉಪ್ಪಿನ ಡಬ್ಬಿಯ ಕೆಳಗಿದೆ, ಒಂದು ತಿಂಗಳಿನಿಂದ ಅಲ್ಲೇ, ಉಪ್ಪು ಬೇಕಾದಾಗಲೆಲ್ಲ ಡಬ್ಬಿ ಎತ್ತುತ್ತಾಳೆ, ಇಡುತ್ತಾಳೆ, ಓದುವುದಿಲ್ಲ, ಓದುವುದಕ್ಕೇನಿದೆ, ಬಾಯಿಪಾಠ ಬರುತ್ತದೆ — ಸಮಾಧಿಯ ಜಾಗ ಯಾರ ಹೆಸರಿನಲ್ಲಿದೆಯೋ ಅವರು ಇದರ ಮೂಲಕ ಒಪ್ಪಿಗೆ ಕೊಡುವುದೇನೆಂದರೆ, ಉಗ್ನೆಯ ಸಮಾಧಿಯ ಮೇಲಿನ ಶಿಲುಬೆಯನ್ನು ತೆಗೆದು ಓಕ್ ಮರದ ಕೆತ್ತನೆಯ ಕಂಬ ನೆಡಲು. ಜಾಗ ಅವಳ ಹೆಸರಿನಲ್ಲಿದೆ, ಗಂಡ ಸ್ತಾಸಿಸ್ ಸತ್ತಾಗ ಆದದ್ದು, ಒಂದು ಕಡೆ ಗಂಡ, ಒಂದು ಕಡೆ ಮಗಳು, ನಡುವೆ ತನಗೆ ಅಂತ ಬಿಟ್ಟುಕೊಂಡ ಆರು ಅಡಿ. ಒಂದು ಸಹಿ, ಅಷ್ಟೇ ಮಂತಾಸ್ ಕೇಳಿದ್ದು.

ರೇಡಿಯೋ ಗೊಣಗುತ್ತಿದೆ, ಮೂವತ್ತಮೂರು ಡಿಗ್ರಿ, ಸಂಜೆ ಗುಡುಗು ಸಾಧ್ಯತೆ, ಬೆಳಗ್ಗೆಯಿಂದ ಸಾಧ್ಯತೆಯೇ, ಅಕ್ಟೋಬರಿನಲ್ಲಿ ಚುನಾವಣೆ, ಚರ್ಚು ಬರುವ ಮುಂಚಿನ ಹಳೆ ನಂಬಿಕೆಯವರಿಗೆ, ಉಗ್ನೆಯ ಮತದವರಿಗೆ, ಸರ್ಕಾರದ ಮಾನ್ಯತೆ ಕೊಡುವ ವಿಷಯ ಮತ್ತೆ ಸಂಸತ್ತಿಗೆ ಬರಬಹುದು, ಬರದೆಯೂ ಇರಬಹುದು, ಕಳೆದ ಸಲ ಕೆಲವೇ ಮತ ಕಡಿಮೆ ಬಿತ್ತು — ಬಿತ್ತು, ಅದೂ ಬಿತ್ತು, ಈ ಬೇಸಿಗೆಯಲ್ಲಿ ಬೀಳದೆ ಇರುವುದು ಯಾವುದು. ಹೋದ ಭಾನುವಾರ ಸಂತೆಗೆ ಒಬ್ಬ ಅಭ್ಯರ್ಥಿ ಬಂದಿದ್ದ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಕ್ಯಾಮೆರಾದ ಮುಂದೆ ಗುಲಾಬಿ ಸೂಪನ್ನು ಮರದ ಸೌಟಿನಿಂದಲೇ ಕುಡಿಯಲು ಹೋದ, ಯಾರು ಹೇಳಿಕೊಟ್ಟರೋ ಪಾಪ, ಎದೆಯ ಮೇಲೆ ಅರ್ಧ ಸೌಟು, ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಆಮೇಲೆ ಮೊಟ್ಟೆ ಮಾರುವ ಮುದುಕ ಕೇಳಿದ, ಅಲ್ಲ ಸ್ವಾಮಿ, ಆ ಬೆಂಕಿ ಪೂಜೆ ಮಾಡೋ ಹುಡುಗರಿಗೆ ಒಂದು ಕಾಗದ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ, ಅವನು ಅಂಗಿ ಒರೆಸಿಕೊಳ್ಳುತ್ತ, ಅದನ್ನ ಎಲ್ಲಾ ಕೋನದಿಂದ ವಿಚಾರ ಮಾಡ್ಬೇಕಾಗುತ್ತೆ, ಮುದುಕ ಅಂದ, ಮಾಡಿ ಮಾಡಿ, ಚರ್ಚು ಬಂದು ಏಳುನೂರು ವರ್ಷ ಆಯ್ತು, ಇನ್ನೊಂದು ಏಳುನೂರು ಕಾಯ್ತಾರೆ. ಔದ್ರೊನೆ ನಗಲಿಲ್ಲ. ಮಂತಾಸನೂ ಹೀಗೇ ಕಾಯುತ್ತಿದ್ದಾನಲ್ಲ, ತಾನೂ ಎಲ್ಲ ಕೋನದಿಂದ ವಿಚಾರ ಮಾಡುತ್ತಿದ್ದೇನಲ್ಲ ಎಂದು ಅನ್ನಿಸಿ ಮೊಟ್ಟೆ ಕೊಳ್ಳುವುದನ್ನೂ ಮರೆತು ಬಂದಳು.

ಆದರೆ ಆ ಮುದುಕನಿಗೇನು ಗೊತ್ತು, ಶಿಲುಬೆ ಅಂದರೆ ಅವಳಿಗೆ ಏನು ಅಂತ, ಆಗ ದೇವರನ್ನು ಒಪ್ಪದ ಕೆಂಪು ಸರ್ಕಾರ, ಅವಳಿಗೆ ಹನ್ನೊಂದು ವರ್ಷ, ಈಸ್ಟರಿನ ಬೆಳಗ್ಗೆ ಅಜ್ಜಿಯ ಜೊತೆ ಚರ್ಚಿಗೆ ಹೋದದ್ದನ್ನು ಯಾರೋ ನೋಡಿ ಹೇಳಿದರು, ಸೋಮವಾರ ತರಗತಿಯ ಮುಂದೆ ನಿಲ್ಲಿಸಿದರು, ಮಕ್ಕಳ ದಳದ ಕೆಂಪು ಕೊರಳವಸ್ತ್ರ ಬಿಚ್ಚಿಸಿದರು, ಕಪ್ಪು ಹಲಗೆಗೆ ಬೆನ್ನು ಕೊಟ್ಟು ನಲವತ್ತು ಮಕ್ಕಳ ಎದುರು ಒಂದು ಗಂಟೆ, ಮೇಷ್ಟ್ರು ಕೋಲಿನಿಂದ ತೋರಿಸಿ ಹೇಳಿದರು, ನೋಡಿ ಮಕ್ಕಳೇ, ಕತ್ತಲೆಯ ಜನ ಅಂದರೆ ಇವರು — ಕಾಲಿನ ಕೆಳಗೆ ಸೀಮೆಸುಣ್ಣದ ಪುಡಿ, ಉಚ್ಚೆ ಬಂದಂತಾಗಿತ್ತು, ತಡೆದುಕೊಂಡಳು, ಅಂಗಿಯೊಳಗೆ ಪುಟ್ಟ ಶಿಲುಬೆಯನ್ನು ಅಜ್ಜಿ ಹೊಲಿದಿಟ್ಟಿದ್ದಳು, ಅದು ಎದೆಗೆ ಚುಚ್ಚುತ್ತಿತ್ತು, ಚುಚ್ಚುತ್ತಿದೆ ಅಂತಲೇ ಧೈರ್ಯ. ಅಪ್ಪನನ್ನು ಸೈಬೀರಿಯಾದಿಂದ ಜೀವಂತ ಕರೆದುಕೊಂಡು ಬಂದದ್ದು ಇದೇ ಎಂದು ಅವ್ವ ಹೇಳುತ್ತಿದ್ದಳು, ಇಷ್ಟು ಪಾಡು ಪಟ್ಟು ಬಚ್ಚಿಟ್ಟುಕೊಂಡದ್ದನ್ನು, ದೇಶ ಸ್ವತಂತ್ರವಾಗಿ ಎದೆಯ ಮೇಲೆ ಬಹಿರಂಗವಾಗಿ ಹಾಕಿಕೊಳ್ಳಬಹುದಾದ ಕಾಲದಲ್ಲಿ, ಸ್ವಂತ ಮಗಳು ತೆಗೆದು ಮೇಜಿನ ಮೇಲಿಟ್ಟು, ಅಮ್ಮ ಇದನ್ನ ನೀನೇ ಇಟ್ಕೋ, ನಾನು ಹಾಕ್ಕೊಂಡ್ರೆ ಸುಳ್ಳಾಗುತ್ತೆ, ಅಂದರೆ ಹೊಟ್ಟೆ ಉರಿಯುವುದಿಲ್ಲವೇ, ಉಗ್ನೆಗೆ ಆಗ ಇಪ್ಪತ್ತನಾಲ್ಕು, ಮೇಜಿನ ಮೇಲೆ ಇದೇ ಗುಲಾಬಿ ಸೂಪು, ಇದೇ ಆಲೂಗಡ್ಡೆ, ಅವಳು ಮೆತ್ತಗೆ ಹೇಳುತ್ತಿದ್ದಳು, ಭೂಮಿತಾಯಿಗೆ ಬ್ರೆಡ್ಡಿನ ಮೊದಲ ತುಂಡು ಕೊಡೋದು ನಿನ್ನಜ್ಜೀನೂ ಮಾಡ್ತಿದ್ಳು, ನೀನೇ ಹೇಳಿದ್ದು, ಹೊಸ್ತಿಲ ಹಾವಿಗೆ ಹಾಲಿಡ್ತಿದ್ಳು, ನಾನೇನು ಹೊಸದಾಗಿ ಕಂಡುಹಿಡಿದಿಲ್ಲ ಅಮ್ಮ — ಆಗ ಔದ್ರೊನೆಯ ಬಾಯಿಂದ ಬಂತು, ಎಲ್ಲಿಂದ ಬಂತೋ, ಐವತ್ತು ವರ್ಷ ಎಲ್ಲಿ ಅಡಗಿ ಕೂತಿತ್ತೋ, ಕತ್ತಲೆಯ ಜನ ನೀವು, ಕತ್ತಲೆಯ ಜನ. ಸ್ತಾಸಿಸ್ ಚಮಚ ಕೆಳಗಿಟ್ಟ. ಉಗ್ನೆ ಸೂಪು ಪೂರ್ತಿ ಕುಡಿದಳು, ತಟ್ಟೆ ತೊಳೆದಿಟ್ಟಳು, ಬಸ್ಸಿಗೆ ಹೊತ್ತಾಯಿತು ಅಂದಳು. ಆಡಿದ ಮಾತು ಒಡೆದ ಮುತ್ತು ಅಂತ ಬಲ್ಲವರು ಸುಮ್ಮನೆ ಹೇಳಿಲ್ಲ, ಮುತ್ತಾದರೂ ಎಷ್ಟೆಂದು ಒಡೆದೀತು, ಅದು ಆ ದಿನದಿಂದ ಚೂರಾಗುತ್ತಲೇ ಇದೆ.

ಮೊಟ್ಟೆ ಬೆಂದಿರಬೇಕು, ಕೆಳಗಿಳಿಸಿದಳು, ಕೇಕಿನ ಹಿಟ್ಟು ಕಲಸಬೇಕು ಇನ್ನು, ನಾಲ್ಕು ಮೊಟ್ಟೆ, ಒಂದು ಲೋಟ ಸಕ್ಕರೆ, ಒಂದು ಲೋಟ ಮೈದಾ, ಮೇಲೆ ಸೇಬಿನ ಹೋಳು, ದಾಲ್ಚಿನ್ನಿ, ಮಂತಾಸನಿಗೆ ಇಷ್ಟ, ಅವನಿಗೆ ಮಾಡಲು ಏನಡ್ಡಿ, ತಾನು ತಿನ್ನದಿದ್ದರಾಯಿತು. ಹೋದ ಬೇಸಿಗೆ ಮುಟ್ಟಲಿಲ್ಲ, ಈ ಬೇಸಿಗೆಯೂ ಮುಟ್ಟಿಲ್ಲ, ಒಂದು ತುಂಡನ್ನೂ, ಅಜ್ಜಿ ಹೇಳಿದ್ದು, ಅಜ್ಜಿಯೂ ಮುಟ್ಟುತ್ತಿರಲಿಲ್ಲ, ಅವಳ ಇಬ್ಬರು ಕೂಸುಗಳು ಗಂಟಲುಮಾರಿಯಲ್ಲಿ ಹೋಗಿದ್ದವು — ಮಕ್ಕಳನ್ನು ಕಳೆದುಕೊಂಡ ತಾಯಿ ಝೋಲಿನೆಗೆ ಮುಂಚೆ ಸೇಬು ತಿನ್ನಬಾರದು, ಹಬ್ಬದ ದಿನ ಅಲ್ಲಿ ಸ್ವರ್ಗದಲ್ಲಿ ಮರಿಯ ಮಾತೆ ಬುಟ್ಟಿ ಹಿಡಿದು ಮಕ್ಕಳಿಗೆಲ್ಲ ಒಂದೊಂದು ಸೇಬು ಹಂಚುತ್ತಾಳೆ, ಯಾವ ಮಗುವಿನ ತಾಯಿ ಇಲ್ಲಿ ಮೊದಲೇ ತಿಂದಿರುತ್ತಾಳೋ ಆ ಮಗುವಿಗೆ ಬುಟ್ಟಿಯಲ್ಲಿ ಇರುವುದಿಲ್ಲ. ನಿನ್ನದನ್ನು ಹಂದಿ ತಿಂದುಬಿಟ್ಟಿತು ಅನ್ನುತ್ತಾರೆ. ಯಾಕಜ್ಜಿ ಹಂದಿ ಅಂತಾರೆ, ತಿಂದದ್ದು ಅಮ್ಮ ಅಲ್ವಾ, ಎಂದು ಪುಟ್ಟ ಔದ್ರೊನೆ ಕೇಳಿದ್ದಳು, ಅಜ್ಜಿ ಅವರೆಕೋಡು ಬಿಡಿಸುತ್ತ ಅಂದಳು, ಅಮ್ಮ ತಿಂದಳು ಅಂದ್ರೆ ಕೂಸಿಗೆ ನೋವಾಗಲ್ವೇನೇ. ಉಗ್ನೆ ಕೂಸಲ್ಲ, ಮೂವತ್ತಾರು ವರ್ಷ ನಡೆಯುತ್ತಿತ್ತು, ಅಕ್ಕ ಗೆನೊವೈತೆ ಹೋದ ವರ್ಷ ಗೇಲಿ ಮಾಡಿದಳು, ಅಷ್ಟು ದೊಡ್ಡವಳು ಸಾಲಲ್ಲಿ ನಿಂತ್ಕೊಂಡು ಸೇಬು ಇಸ್ಕೋತಾಳೇನೇ, ಮಾಡಲಿ ಗೇಲಿ, ಗೆನೆಗೆ ಮೂರು ಮಕ್ಕಳು ಕಲ್ಲುಗುಂಡಿನ ಹಾಗಿದ್ದಾರೆ, ಜುಲೈ ತಿಂಗಳಿಂದಲೇ ಸೇಬು ತಿನ್ನಬಹುದು, ತಾಯಿಗೆ ಮಗು ಎಷ್ಟು ವರ್ಷದ್ದಾದರೇನು, ಮೂವತ್ತಾರಾದರೂ ಹೊಟ್ಟೆಯಲ್ಲಿದ್ದದ್ದು ಒಂಬತ್ತು ತಿಂಗಳೇ. ಅವಳು ಬಿದ್ದ ಸೇಬುಗಳನ್ನು ಬುಟ್ಟಿಗೆ ಆರಿಸಿ ತಂದಳು, ಹುಲ್ಲು ಕಾಲಿಗೆ ಬೆಚ್ಚಗೆ, ಮೇಲೆ ಗೂಡಿನಲ್ಲಿ ಕೊಕ್ಕರೆಯ ಮರಿಗಳು ರೆಕ್ಕೆ ಬಡಿದು ನೋಡುತ್ತಿವೆ, ಇನ್ನು ಹತ್ತು ದಿನ, ಆಮೇಲೆ ಗೂಡು ಖಾಲಿ, ಬೇಸಿಗೆ ಮುಗಿದಂತೆಯೇ. ಸಿಪ್ಪೆ ಹೆರೆದಳು, ಹೋಳು ಮಾಡಿದಳು, ಇದು ಹುಳಿಯಿರುವ ಮರ, ವರ್ಷ ವರ್ಷಕ್ಕೂ ಹುಳಿ ಬೇರೆ, ಸಕ್ಕರೆ ಎಷ್ಟು ಹಾಕಬೇಕು ಅಂತ ನೋಡಿಕೊಂಡೇ ಹಾಕಬೇಕು.

ಉಗ್ನೆಯ ಮದುವೆಯ ದಿನವೂ ಇಷ್ಟೇ ಸೆಕೆ, ಎಂಟು ವರ್ಷದ ಹಿಂದಿನ ಜೂನ್, ದುಬಿಸಾ ನದಿಯ ದಂಡೆ, ಪಾದ್ರಿ ಇಲ್ಲ, ಗಂಟೆ ಇಲ್ಲ, ಒಂದು ಓಕ್ ಮರ, ಒಂದು ಬೆಂಕಿ, ನಾರುಬಟ್ಟೆ ಉಟ್ಟ ಜನ ಹಾಡುತ್ತ ಸುತ್ತುತ್ತಿದ್ದರು, ಔದ್ರೊನೆ ಕಾರಿನಲ್ಲಿ ಕೂತಿದ್ದಳು, ಮೇಲೆ ರಸ್ತೆಯ ಬದಿಯಲ್ಲಿ, ಇಳಿಯುವುದಿಲ್ಲ ಎಂದು ಮನೆಯಲ್ಲೇ ಹೇಳಿ ಬಂದಿದ್ದಳು, ಸ್ತಾಸಿಸ್, ಏ ಇಳಿಯೇ ಮಾರಾಯ್ತಿ, ಬೆಂಕಿ ಯಾರನ್ನೂ ನಿನ್ನ ಮತ ಯಾವುದು ಅಂತ ಕೇಳಲ್ಲ, ನಾನು ಬರಲ್ಲ ಅಂದ್ರೆ ಬರಲ್ಲ, ನೀನು ಹೋಗು, ಅವನು ಹೋದ, ಹೋಗಿ ಜೇನಿನ ಮದ್ಯ ಕುಡಿದ, ಕುಣಿದನಂತೆ ಕೂಡ, ಅವಳು ಕಿಟಕಿ ಏರಿಸಿಕೊಂಡು ಜಪಮಣಿ ಹಿಡಿದು ಬೆವೆತಳು, ಮಣಿಗಳು ಬೆವರಿಗೆ ಜಾರುತ್ತಿದ್ದವು — ಆಮೇಲೆ ಇಳಿಜಾರು ಹತ್ತಿ ಉಗ್ನೆ ಬಂದಳು, ತಲೆಯ ಮೇಲೆ ಹೂವಿನ ಬಳ್ಳಿ, ಬರಿಗಾಲು, ಕೈಯಲ್ಲಿ ಒಂದು ತಟ್ಟೆ — ಸಾಕು, ಹೋಳು ಇನ್ನೂ ತೆಳ್ಳಗಾಗಬೇಕು, ಇವು ದಪ್ಪ. ತಟ್ಟೆಯಲ್ಲಿ ಕಪ್ಪು ಬ್ರೆಡ್ಡು, ಗಿಣ್ಣು, ಬೆಂಕಿಯಲ್ಲಿ ಸುಟ್ಟ ಏನೋ ಮಾಂಸ, ಗಾಜು ತಟ್ಟಿದಳು, ಬೆಂಕಿ ಹೊತ್ತಿಸಿದ ಕೈ, ಬೆರಳಿಗೆಲ್ಲ ಮಸಿ, ಗಾಜಿನಾಚೆಯಿಂದ ಅವಳ ದನಿ ನೀರೊಳಗಿಂದ ಬಂದ ಹಾಗೆ, ಅಮ್ಮ, ತಿನ್ನು, ಬಿಸಿ ಇದೆ.

ಆಗಲೇ ಅವಳಿಗೆ ತಿಳಿಯಿತು ಬಾಯಲ್ಲಿ ಏನೋ ಇದೆ ಎಂದು. ಹುಳಿ, ಅಷ್ಟೇನೂ ಹುಳಿಯಿಲ್ಲ, ಈ ವರ್ಷ ಮಳೆ ಕಡಿಮೆ, ಸಿಹಿ ಇಳಿದಿದೆ, ಸಕ್ಕರೆ ಮುಕ್ಕಾಲು ಲೋಟ ಸಾಕು — ನಾಲಿಗೆ ಲೆಕ್ಕ ಹಾಕುತ್ತಿತ್ತು, ಹಲ್ಲು ಅಗಿಯುತ್ತಿತ್ತು, ಅರ್ಧ ನುಂಗಿಯೂ ಆಗಿತ್ತು, ಮೂವತ್ತೊಂದು ವರ್ಷ ಮುನ್ನೂರು ಮಕ್ಕಳಿಗೆ ಅಡುಗೆ ಮಾಡಿದ ಕೈ, ಹೋಳು ಮಾಡುತ್ತದೆ, ಒಂದನ್ನು ಬಾಯಿಗೆ ಹಾಕುತ್ತದೆ, ಕೇಳುವುದಿಲ್ಲ ಯಾರನ್ನೂ. ಸಿಂಕಿಗೆ ಬಾಗಿ ಉಗುಳಿದಳು, ಗಂಟಲಿಗೆ ಬೆರಳು ಹಾಕಿದಳು, ನೀರು ಬಂತು ಬರೀ, ಕಣ್ಣಲ್ಲೂ ನೀರು, ಹೋದದ್ದು ಹೋಯಿತು, ಒಳಗೆ ಹೋಯಿತು. ಒಂದು ದಿನ. ಎರಡು ಬೇಸಿಗೆ ತಡೆದು ಒಂದೇ ಒಂದು ದಿನ ಉಳಿದಿತ್ತು, ಜಾಮ್ ಕುದಿಸುವಾಗ ನೆಕ್ಕಲಿಲ್ಲ, ಪಕ್ಕದ ಮನೆಯವಳು ಕೊಟ್ಟ ರಸ ಗಿಡಕ್ಕೆ ಚೆಲ್ಲಿದಳು, ನಾಳೆ ಬೆಳಗ್ಗೆ ಪೂಜೆ ಮುಗಿಸಿ ಬಂದು ಸಮಾಧಿಯ ಮೇಲೆ ಒಂದಿಟ್ಟು ತಾನೊಂದು ತಿನ್ನಬೇಕು ಅಂತ ಇದ್ದಳು, ಯಾವುದು ಚೆನ್ನಾಗಿದೆ ಅಂತ ಆರಿಸಿ ಕಿಟಕಿಯ ಕಟ್ಟೆಯ ಮೇಲೆ ಎರಡು ಇಟ್ಟೂ ಆಗಿತ್ತು, ಹಂದಿ, ಹಂದಿ ತಿಂದುಬಿಟ್ಟಿತು. ಕುರ್ಚಿಯ ಮೇಲೆ ಕೂತಳು. ನಾಳೆ ಉಗ್ನೆ ಅಲ್ಲಿ ಕೈ ಚಾಚುತ್ತಾಳೆ, ಮೂವತ್ತಾರು ವರ್ಷದವಳು, ಎಲ್ಲ ಪುಟ್ಟ ಮಕ್ಕಳ ನಡುವೆ ಎತ್ತರವಾಗಿ, ಬರಿಗಾಲಲ್ಲಿ, ಕೈ ಚಾಚುತ್ತಾಳೆ, ಬುಟ್ಟಿ ಅವಳನ್ನು ದಾಟಿ ಹೋಗುತ್ತದೆ.

ಯಾರಿಗಾದರೂ ಹೇಳಬೇಕು, ಹೇಳದಿದ್ದರೆ ಎದೆ ಒಡೆಯುತ್ತದೆ, ಗೆನೆಯ ನಂಬರು ಒತ್ತಿದಳು, ಅಕ್ಕ ಆಗಲೇ ಹಬ್ಬದ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳೇನೋ, ಏನೇ ಔದ್ರೆ, ಬೇಗ ಹೇಳು, ನನ್ನ ಪುದೀನ ಬಾಡ್ತಾ ಇದೆ, ಅಕ್ಕ, ನಾನು ತಿಂದುಬಿಟ್ಟೆ, ಏನು ತಿಂದೆ, ಸೇಬು, ಆ ಕಡೆಯಿಂದ ನಿಟ್ಟುಸಿರು, ಅಯ್ಯೋ ನಿನ್ನ, ನೀನೆಲ್ಲೋ ಬಿದ್ದುಬಿಟ್ಯೇನೋ ಅಂದ್ಕೊಂಡೆ, ಅದೆಲ್ಲ ಅಜ್ಜಿ ಕಥೆ ಕಣೇ, ಪಾದ್ರಿಗಳ ಹತ್ರ ಹೇಳು, ನಕ್ಕುಬಿಡ್ತಾರೆ, ಆದ್ರೂ ಅಕ್ಕ ನಾಳೆ ಅಲ್ಲಿ ಅವಳಿಗೆ, ಅಳಬೇಡ ನೋಡೋಣ, ಎಷ್ಟೊತ್ತು ಅಂತ ಅಳ್ತೀಯ ಹೇಳು, ಅಲ್ಲಾ, ನಾನು ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ, ಅವಳು ಆ ಸಾಲಲ್ಲಿ ಇರೋದೇ ಇಲ್ಲ ಬಿಡು. ಅಂದ್ರೆ. ಅಂದ್ರೆ ಏನು ಅಂದ್ರೆ, ಮರಿಯ ಮಾತೆನ ಬೇಡ ಅಂತ ಹೋದೋಳು ಅವಳ ಬುಟ್ಟಿ ಮುಂದೆ ಯಾಕೆ ನಿಂತ್ಕೋತಾಳೆ, ನಾನೇನು ಕೆಟ್ಟದ್ದಕ್ಕೆ ಹೇಳ್ತಿಲ್ಲ, ನಿಂಗೆ ಸಮಾಧಾನ ಆಗ್ಲಿ ಅಂತ, ನೀನು ತಿಂದ್ರೂ ಒಂದೇ ಬಿಟ್ರೂ ಒಂದೇ, ಆರಾಮಾಗಿ ತಿನ್ನು. ಫೋನು ಕೆಳಗಿಟ್ಟದ್ದು ಯಾವಾಗ ಎಂದು ಅವಳಿಗೆ ಗೊತ್ತಾಗಲಿಲ್ಲ.

ಅಕ್ಕ ಕೆಟ್ಟವಳಲ್ಲ, ಅದೇ ಕಷ್ಟ, ಕೆಟ್ಟವಳಾಗಿದ್ದರೆ ಬೈದು ಮುಗಿಸಬಹುದಿತ್ತು, ಅವಳು ಹೇಳಿದ್ದು ಔದ್ರೊನೆ ಒಂದು ತಿಂಗಳಿನಿಂದ ಉಪ್ಪಿನ ಡಬ್ಬಿಯ ಕೆಳಗೆ, ಎರಡು ಬೇಸಿಗೆಯಿಂದ ಎದೆಯ ಕೆಳಗೆ ಒತ್ತಿಟ್ಟದ್ದನ್ನೇ. ಆ ಸಾಲಿನಲ್ಲಿಲ್ಲ ಅಂದರೆ ಯಾವ ಸಾಲಿನಲ್ಲಿದ್ದಾಳೆ. ತಾನು ಎರಡು ಬೇಸಿಗೆ ಬಾಯಿ ಕಟ್ಟಿ ಕಳಿಸಿದ ಸೇಬು ಯಾವ ಬಾಗಿಲಿಗೆ ಹೋಯಿತು, ಮಗಳು ಎಂದೂ ತಟ್ಟದ ಬಾಗಿಲಿಗೆ, ಹೋಗಿ, ಉಗ್ನೆ ಯಾರು, ಇಲ್ಲಿ ಆ ಹೆಸರಿನವರು ಯಾರೂ ಇಲ್ಲ ಅನ್ನಿಸಿಕೊಂಡು ವಾಪಸ್ಸು ಬಂತೇ. ಆಸ್ಪತ್ರೆಯಲ್ಲಿ ದಿಂಬಿನ ಕೆಳಗೆ ಮಾತೆಯ ಪದಕ ತುರುಕಿದ್ದು, ಕಳ್ಳಿಯ ಹಾಗೆ, ಮಗಳು ಔಷಧದ ಮಂಪರಲ್ಲಿದ್ದಾಗ, ನರ್ಸು ಹಾಸಿಗೆ ಕೊಡವುವಾಗ ಸಿಕ್ಕಿತು, ಇದು ಯಾರದು, ಉಗ್ನೆ ಕಣ್ಣು ಬಿಟ್ಟು ನೋಡಿ, ಇರ್ಲಿ ಬಿಡಿ ಸಿಸ್ಟರ್, ಅದು ನಮ್ಮಮ್ಮಂದು, ಅಲ್ಲೇ ಇಡಿ. ಅವಳು ಒಪ್ಪಿಕೊಂಡಳು, ಪದಕವನ್ನು, ದಿಂಬಿನ ಕೆಳಗೆ, ಕೊನೆಯವರೆಗೆ. ಸತ್ತ ಮೇಲೆ ಔದ್ರೊನೆ ಯಾರನ್ನೂ ಕೇಳಲಿಲ್ಲ, ಪಾದ್ರಿಯನ್ನು ಕರೆಸಿದಳು, ಧೂಪ ಹಾಕಿಸಿದಳು, ಶಿಲುಬೆ ನೆಡಿಸಿದಳು, ಮಂತಾಸ್ ಅಡ್ಡ ಬರಲಿಲ್ಲ, ಉಗ್ನೆಯ ಗೆಳೆಯರು ಇಪ್ಪತ್ತು ಜನ ಮಾರ್ಚಿನ ಕೆಸರಲ್ಲಿ ಸ್ಮಶಾನದ ಗೋಡೆಯಾಚೆ ನಿಂತಿದ್ದರು, ಎಲ್ಲರೂ ಹೋದ ಮೇಲೆ ಸಣ್ಣ ದನಿಯಲ್ಲಿ ಹಾಡಿದರು, ಅವಳಿಗೆ ಕೇಳಿಸಿತು, ಕೇಳಿಸಲಿಲ್ಲ ಎಂಬಂತೆ ಕಾರು ಹತ್ತಿದಳು. ಗೋಡೆಯಾಚೆ ನಿಲ್ಲಿಸಿದ್ದು ತಾನೇ, ಕಪ್ಪು ಹಲಗೆಯ ಮುಂದೆ ನಿಲ್ಲಿಸಿದ ಮೇಷ್ಟ್ರು ಸತ್ತು ಎಷ್ಟೋ ಕಾಲವಾಯಿತು, ಅವನ ಕೋಲು ಮಾತ್ರ ತನ್ನ ಕೈಯಲ್ಲಿ ಉಳಿಯಿತು. ಆಚೆಯೂ ಇಲ್ಲ ಈಚೆಯೂ ಇಲ್ಲ ಎಂದು ಮಗಳನ್ನು ನಡುದಾರಿಯಲ್ಲಿ ನಿಲ್ಲಿಸಿದರೆ ಅವಳಿಗೆ ಸೇಬು ಕೊಡುವವರು ಯಾರು. ಕೇಕು ಒಲೆಯಲ್ಲಿದೆ, ಯಾವಾಗ ಇಟ್ಟಳೋ, ಕೈ ಇಟ್ಟಿರಬೇಕು, ದಾಲ್ಚಿನ್ನಿಯ ವಾಸನೆ ಬರುತ್ತಿದೆ.

ಅತ್ತೆ ಎಂದು ಹಿಂಬಾಗಿಲಲ್ಲಿ ದನಿ, ಮಂತಾಸ್, ಬಡಗಿಯ ದೊಡ್ಡ ಕೈ, ಕಿವಿಯ ಹಿಂದೆ ಮರದ ಹೊಟ್ಟು, ಚಪ್ಪಲಿ ಹೊರಗೆ ಬಿಟ್ಟು ಬಂದ, ಏನತ್ತೆ ಮುಖ ಹೀಗಾಗಿದೆ, ಸೆಕೆ ಕಣಪ್ಪ, ಕೂತ್ಕೋ, ಆಲೂಗಡ್ಡೆ ಬಿಸಿ ಇದೆ. ಅವನು ಉಂಡ, ಎರಡು ಬಟ್ಟಲು, ಮಾತಾಡಿದ, ಚುನಾವಣೆ, ಆಲಿಕಲ್ಲು ಬಿದ್ದು ಯಾರದ್ದೋ ಗೋಧಿ ಮಲಗಿದ್ದು, ಸಂತೆಯ ಅಭ್ಯರ್ಥಿಯ ಅಂಗಿಯ ಕಥೆ ಅವನಿಗೂ ತಲುಪಿದೆ, ಆ ಅಂಗಿನ ಸಂಸತ್ತಲ್ಲಿ ನೇತುಹಾಕ್ಬೇಕು ಅತ್ತೆ, ನಕ್ಕ, ಅವಳೂ ನಕ್ಕಳು, ಕಾಗದದ ಮಾತು ಇಬ್ಬರೂ ಎತ್ತಲಿಲ್ಲ, ಅವನು ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸುತ್ತ ಕೊನೆಗೆ, ಶಿಲುಬೆ ಬುಡ ಕೊಳೀತಾ ಇದೆ, ಮೊನ್ನೆ ನೋಡ್ದೆ, ಚಳಿಗಾಲ ತಡೆಯಲ್ಲ, ಏನಾದ್ರೂ ಒಂದು ಇಡ್ಲೇಬೇಕು, ನಿಮಗೆ ಕಲ್ಲಿನ ಶಿಲುಬೆನೇ ಬೇಕಂದ್ರೆ ನಾನೇ ಮಾಡಿಸ್ತೀನಿ, ಅದನ್ನೇ ಹೇಳೋಣ ಅಂತ ಬಂದೆ. ಅವಳು ಎದ್ದು ಡಬ್ಬಿ ಎತ್ತಿದಳು. ಕಾಗದದ ಮೇಲೆ ದುಂಡನೆಯ ಉಪ್ಪಿನ ಗುರುತು. ಕಂಬದ ಮೇಲೆ ಏನು ಕೆತ್ತಿದೀಯ ಅಂತ ಕೇಳಿದಳು, ಅವನು ಬಟ್ಟಲು ಪಕ್ಕಕ್ಕೆ ಸರಿಸಿದ, ಸೂರ್ಯ ಅತ್ತೆ, ಕೆಳಗಡೆ ಎರಡು ಹಾವು, ನಿಮ್ಮಜ್ಜಿ ಹಾಲಿಡ್ತಿದ್ರಂತಲ್ಲ ಅಂಥವು, ಅವಳೇ ಬರೆದುಕೊಟ್ಟ ಚಿತ್ರ, ಎರಡು ವರ್ಷದಿಂದ ಗುಡಿಸಲಲ್ಲಿ ಹೊದಿಸಿಟ್ಟಿದೀನಿ. ಮೊದಲೇ ಯಾಕೆ ಕೇಳ್ಲಿಲ್ಲ ನನ್ನ. ಉಗ್ನೆ ಕೇಳಬೇಡ ಅಂದಿದ್ಲು, ಹೋದ ತಿಂಗಳು ನಾನೇ ತಡೀಲಾರದೆ ಕಾಗದ ತಂದೆ, ಅಮ್ಮಂಗೆ ಕಷ್ಟ ಆಗೋದಾದ್ರೆ ಶಿಲುಬೆನೇ ಇರ್ಲಿ, ನಾನು ಅದರ ಕೆಳಗೂ ಮಲಗ್ತೀನಿ ಅಂದಿದ್ಲು. ಪೆನ್ನು ಎಲ್ಲಿ, ಕಿಟಕಿಯ ಮೇಲೆ, ಸೇಬುಗಳ ಹಿಂದೆ, ಅವಳು ಕೈ ಒರೆಸಿಕೊಂಡಳು, ಔದ್ರೊನೆ ಎಂದು ಬರೆದಳು, ಮನೆತನದ ಹೆಸರು ಬರೆದಳು, ತಾರೀಖು ಹಾಕಿದಳು, ಆಗಸ್ಟ್ ಹದಿನಾಲ್ಕು. ಮುಗಿಯಿತು. ಸೂಪು ಆರುವಷ್ಟು ಹೊತ್ತೂ ಇಲ್ಲ, ಇಷ್ಟಕ್ಕೇನಾ, ಇಷ್ಟು ಹಗುರದ ಕೆಲಸಕ್ಕೇನಾ ಎರಡು ವರ್ಷ, ಎಂಟು ವರ್ಷ, ಹನ್ನೆರಡು ವರ್ಷ. ಮಂತಾಸ್ ಕಾಗದವನ್ನು ಮಡಿಸಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ, ಸೆಪ್ಟೆಂಬರಿನಲ್ಲಿ ನೆಡೋಣ ಅತ್ತೆ, ಹಗಲೂ ರಾತ್ರಿ ಸಮ ಆಗೋ ದಿನ, ನೀವು ಬರ್ತೀರಾ, ಒಳಗೆ ಬರ್ತೀನಿ, ಎಂದಳು, ನಿನ್ನ ಸ್ನೇಹಿತರಿಗೂ ಹೇಳು, ಗೋಡೆ ಹೊರಗೆ ಯಾರೂ ನಿಲ್ಲೋದು ಬೇಡ. ಉಗ್ನೆಗೆ ಮಾತ್ರ ಯಾರೂ ಹೇಳಲಾರರು.

ಮದುವೆಯಾದ ಮೇಲೂ ಉಗ್ನೆ, ಮಂತಾಸ್ ಬಂದರು ಹೋದರು, ಪ್ರತಿ ಭಾನುವಾರ ಊಟಕ್ಕೆ, ಯಾರೂ ಆ ದಿನದ ಮಾತೆತ್ತಲಿಲ್ಲ, ಸೌತೆಕಾಯಿ ಉಪ್ಪಿನಕಾಯಿ, ಮೊಣಕಾಲು ನೋವು, ನಗಣ್ಯ ಮಾತು ಎಷ್ಟಾದರೂ ಆಡಿದರು, ಬೆಂಕಿಯ ಮುಂದೆ ನಿಂತು ನೀನು ಏನು ಹೇಳ್ತೀಯಾ ಮಗಳೇ ಎಂದು ಒಂದು ಸಲ, ಒಂದೇ ಸಲ ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಅವಳು ಪಾತ್ರೆ ತೊಳೆಯುತ್ತಿದ್ದಾಳೆ, ಅವನು ಹೊರಟ, ಬಾಗಿಲ ಸದ್ದು, ಕಾರಿನ ಸದ್ದು, ಒಲೆಯ ಗಂಟೆ ಕಿಣಿಕಿಣಿ ಎಂದಿತು, ಅಯ್ಯೋ ಕೇಕು, ಅವನಿಗೆಂದೇ ಮಾಡಿದ್ದು, ಅರ್ಧ ಕೊಯ್ದು ತಟ್ಟೆಗೆ ಹಾಕಿದಳು, ತಟ್ಟೆ ಸುಡುತ್ತಿದೆ, ಬಟ್ಟೆ ಹಿಡಿದು ಓಡಿದಳು, ಈ ವಯಸ್ಸಿನಲ್ಲಿ ಎಂಥ ಓಟ, ಬರಿಗಾಲು, ಹುಲ್ಲು, ಬಿದ್ದ ಸೇಬು ಕಾಲಡಿ ಜಜ್ಜಿತು, ಅವನು ಕಾರನ್ನು ಗೇಟಿನವರೆಗೆ ಹಿಂದಕ್ಕೆ ತಂದಿದ್ದಾನೆ, ಕಿಟಕಿ ಏರಿಸಿದ್ದಾನೆ, ಒಳಗೆ ತಂಪು ಹಾಕಿಕೊಂಡಿರಬೇಕು, ಕಾಗದ ಪಕ್ಕದ ಸೀಟಿನಲ್ಲಿ, ಮುಂದಕ್ಕೇ ನೋಡುತ್ತಿದ್ದಾನೆ, ಅಳುತ್ತಿದ್ದಾನೋ ಏನೋ, ಅವಳು ಗಾಜು ತಟ್ಟಿದಳು.

ಸುಯ್ಯೆಂದು ಗಾಜು ಇಳಿಯಿತು. ಏನತ್ತೆ. ತಿನ್ನು, ಬಿಸಿ ಇದೆ — ಯಾರು ಹೇಳಿದ್ದು, ತನ್ನ ಬಾಯೇ, ತಟ್ಟೆ ಅವನ ಕೈಗೆ ಹೋಯಿತು, ಅತ್ತೆ, ನೀವು ಒಳಗೆ ಹೋಗಿ, ಕಾಲು ಸುಡುತ್ತೆ — ಎಷ್ಟು ಹೊತ್ತು ಹಿಡಿಯಿತು ಅದು ಇಳಿಯಲು, ಒಂದು ಉಸಿರು, ಒಂದು ಉಸಿರೂ ಇಲ್ಲ, ಮದುವೆಯ ದಿನದ ಆ ಕಾರಿನದು ಕೈಯಿಂದ ತಿರುಗಿಸುವ ಹಿಡಿ, ನಾಲ್ಕು ಸುತ್ತು ಸಾಕಿತ್ತು, ಅವಳ ಕೈ ಹಿಡಿಯ ಮೇಲೆ ಹೋಗಿಯೂ ಇತ್ತು, ಹೋಗಿತ್ತು, ದೇವರಾಣೆ ಹೋಗಿತ್ತು, ಬೆಚ್ಚಗಿತ್ತು ಹಿಡಿ, ತಿರುಗಿಸಲಿಲ್ಲ, ಮುಂದಕ್ಕೇ ನೋಡಿದಳು, ರಸ್ತೆ, ರಸ್ತೆಯಲ್ಲಿ ಏನೂ ಇರಲಿಲ್ಲ, ಉಗ್ನೆ ಇನ್ನೊಂದು ಸಲ ತಟ್ಟಲಿಲ್ಲ, ಗಾಜಿನ ಮೇಲೆ ಕೈ ಇಟ್ಟಳು, ಸುಮ್ಮನೆ, ಕೆನ್ನೆಯ ಮೇಲಿಟ್ಟ ಹಾಗೆ, ತಟ್ಟೆಯನ್ನು ಕಾರಿನ ಮೂತಿಯ ಮೇಲಿಟ್ಟು ಇಳಿಜಾರು ಇಳಿದು ಹೋದಳು, ಹೂವಿನ ಬಳ್ಳಿ ಒಂದು ಕಡೆ ವಾಲಿತ್ತು, ಮಾರನೆಯ ಬೆಳಗ್ಗೆ ವಿನೆಗರಿನ ಬಟ್ಟೆ ಹಿಡಿದು ಔದ್ರೊನೆ ಕಾರು ತೊಳೆದಳು, ಗಾಜಿನ ಮೇಲಿನ ಗುರುತು ಒಂದೇ ಒರೆತಕ್ಕೆ ಹೋಯಿತು, ಇಷ್ಟು ಬೇಗ ಹೋಗುತ್ತದೆ ಎಂದು ಗೊತ್ತಿದ್ದರೆ — ಮಂತಾಸ್ ಏನೋ ಅನ್ನುತ್ತಿದ್ದಾನೆ, ಅತ್ತೆ, ಅತ್ತೆ — ಗಾಜಿನ ಮೇಲೆ ನಾಲ್ಕು ಬೆರಳು, ಹೊರಗಡೆಯಿಂದ, ಮಸಿಯ ನಾಲ್ಕು ಬೆರಳು, ಒಳಗಡೆ ಅವಳು, ನಾಲ್ಕು ಬೆರಳು